ಚಂದ್ರಹಾಸನ ಊರಲ್ಲಿ ಹಾಡಿನ ರಾತ್ರಿ

ಚಂದ್ರಹಾಸನ ಕಥೆ ಕೇಳದ ಕನ್ನಡದ ಮಕ್ಕಳು ವಿರಳ. ವಿಷ ಕೊಡಿರೆಂದು ಬರೆದಿದ್ದ ಓಲೆಯನ್ನು ತಿದ್ದಿ ವಿಷಯೆ ಅವನನ್ನು ಉಳಿಸಿಕೊಂಡ ಕುಂತಲನಗರ ಯಾವುದು? ‘ನಮ್ಮದೇ’ ಎನ್ನುತ್ತಾರೆ ಸೊರಬ ತಾಲ್ಲೂಕಿನ ಕುಬಟೂರಿನವರು. ಅದು ಐತಿಹ್ಯವೆನ್ನಿ, ಅಡ್ಡಿಯಿಲ್ಲ. ಊರಿನ ಹೆಮ್ಮೆಗೆ ಶಾಸನದ ಆಧಾರವೂ ಉಂಟು. ಕದಂಬ ಕೀರ್ತಿದೇವನ ರಾಣಿ ಮಾಳಲದೇವಿ 1077ರಲ್ಲಿ ಇಲ್ಲಿ ಪಾರ್ಶ್ವನಾಥ ಬಸದಿ ಮಾಡಿಸಿದ್ದಳು. ಸುಮಾರು 1100ರ ಕೈಟಭೇಶ್ವರ ದೇವಾಲಯದ ತೆರೆದ ಮಂಟಪವಂತೂ ನೋಡಿಯೇ ತಣಿಯಬೇಕು. ಕಡೆದು ನುಣುಪು ಮಾಡಿದ ಕಂಬಗಳ ನಡುವೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಕಲ್ಲನ್ನು ಕಾಯಲು ಪುರಾತತ್ವ ಇಲಾಖೆ ಇದೆ. ಈ ಸೀಮೆಯ ಇನ್ನೊಂದು ಆಸ್ತಿ ಮಾತ್ರ ಜನರ ಗಂಟಲಲ್ಲೇ ಉಳಿಯಬೇಕು.

ದೀಪಾವಳಿಯ ರಾತ್ರಿ ಹಳ್ಳಿಯ ದೇವರ ಮುಂದೆ ಹಚ್ಚಿದ ದೀಪವನ್ನು ಗಾಳಿಗೆ ಆರದಂತೆ ಮರೆಮಾಡಿಕೊಂಡು ಗಂಡಸರ ತಂಡವೊಂದು ಹೊರಡುತ್ತದೆ. ಇದೇ ಅಂಟಿಕೆ-ಪಂಟಿಕೆ. ಮನೆಯ ಬಾಗಿಲಲ್ಲಿ ಇಬ್ಬರು ಹಾಡು ಎತ್ತಿಕೊಟ್ಟರೆ ಉಳಿದವರು ಸೊಲ್ಲು ಹಿಡಿಯುತ್ತಾರೆ. ಬಲೀಂದ್ರನ ಕಥೆಯಿಂದ ಹಿಡಿದು ಮನೆಯವರನ್ನು ನಗಿಸುವ ಹಾಡಿನವರೆಗೆ ಎಲ್ಲವೂ ಬಾಯಿಪಾಠ. ಮನೆಯೊಡತಿ ದೀಪಕ್ಕೆ ಎಣ್ಣೆ ಎರೆದು ಅಕ್ಕಿ, ಕಾಯಿ, ಕಾಸು ಕೊಡುತ್ತಾಳೆ. ತಂಡ ಮುಂದಿನ ಮನೆಗೆ, ಬೆಳಗಾಗುವ ತನಕ.

ಅದಕ್ಕೂ ಮುಂಚೆ ಬರುವುದು ಭೂಮಿ ಹುಣ್ಣಿಮೆ. ದೀವರ ಹೆಂಗಸರು ಕೆಮ್ಮಣ್ಣು ಬಳಿದ ಬುಟ್ಟಿಯ ಮೇಲೆ ಅಕ್ಕಿಹಿಟ್ಟಿನಿಂದ ಚಿತ್ತಾರ ಬಿಡಿಸುತ್ತಾರೆ. ಬಗೆಬಗೆಯ ಸೊಪ್ಪು ಬೇಯಿಸಿದ ಹಚ್ಚಂಬಲಿ, ಕಡುಬು ಆ ಬುಟ್ಟಿಯಲ್ಲಿ ಗದ್ದೆಗೆ ಹೋಗುತ್ತವೆ. ಫಲ ಹೊತ್ತ ಭೂಮಿಗೆ ಬಯಕೆಯೂಟ! ಮೊದಲ ತುತ್ತು ಗದ್ದೆಗೆ, ಆಮೇಲೆ ಮನೆಯವರಿಗೆ.

ಮನೆಮನೆ ಹಾಡಿ ಬೇಡುವ ಹಬ್ಬ ಅಮೆರಿಕದ ಲೂಸಿಯಾನಾದ ಕೇಜನ್ ಜನರಲ್ಲೂ ಇದೆ. ಮುಖವಾಡ ತೊಟ್ಟು ಕೋಳಿ, ಅಕ್ಕಿ ಸಂಗ್ರಹಿಸಿ ಊರಿಗೆಲ್ಲ ‘ಗಂಬೊ’ ಸಾರು ಕುದಿಸುತ್ತಾರೆ. ಆದರೆ 1921ರ ರಾಜ್ಯ ಸಂವಿಧಾನ ಶಾಲೆಗಳಲ್ಲಿ ಇಂಗ್ಲಿಷನ್ನೇ ಕಡ್ಡಾಯ ಮಾಡಿತು. ಮನೆಮಾತು ಫ್ರೆಂಚ್ ಆಡಿದ ಮಕ್ಕಳಿಗೆ ಶಿಕ್ಷೆಯಾಯಿತು. ಅವರೇ ತಂದೆತಾಯಿಗಳಾದಾಗ ಮಕ್ಕಳಿಗೆ ಆ ಮಾತು ಕಲಿಸಲು ಹಿಂಜರಿದರು. 1968ರಲ್ಲಿ ಫ್ರೆಂಚ್ ಉಳಿಸಲು ಸರ್ಕಾರವೇ ಸಂಸ್ಥೆ ಕಟ್ಟುವಷ್ಟರಲ್ಲಿ ಒಂದು ತಲೆಮಾರು ಕಳೆದುಹೋಗಿತ್ತು. ನಮ್ಮಲ್ಲಿ ಯಾರೂ ಬೆತ್ತ ಹಿಡಿದಿಲ್ಲ. ಹಾಸ್ಟೆಲಿನಿಂದ ಬಂದ ಹುಡುಗನಿಗೆ ‘ನಿದ್ದೆಗೆಟ್ಟರೆ ಓದು ಕೆಡುತ್ತದೆ’ ಎಂದರೂ ಸಾಕು, ಸೊಲ್ಲು ಹಿಡಿಯುವವನೊಬ್ಬ ಕಡಿಮೆಯಾದಂತೆಯೇ.

ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಆನವಟ್ಟಿಗೆ ಬಂದರೆ ಕುಬಟೂರು ಹತ್ತಿರವೇ. ದೀಪಾವಳಿ ರಜೆಯಲ್ಲೇ ಹೋಗಿ. ಆ ಬಳಿಕ ಕೊಬ್ಬರಿ ಹಾರ ಕಟ್ಟಿದ ಹೋರಿಗಳನ್ನು ಓಡಿಸುವ ಹಬ್ಬವೂ ಈ ಕಡೆ ಜೋರು. ಅಲ್ಲಿ ಪೆಟ್ಟು ಬೀಳುವುದುಂಟು, ಮಕ್ಕಳನ್ನು ದೂರ ನಿಲ್ಲಿಸಿಕೊಳ್ಳಿ. ಅಂಟಿಕೆ-ಪಂಟಿಕೆಯ ತಂಡದ ಹಿಂದೆ ಮಾತ್ರ ನಡೆಯಲು ಬಿಡಿ. ಕಂಬಳಿ ಜೊತೆಗಿರಲಿ, ನಡುರಾತ್ರಿ ಚಳಿ ಹಿಡಿಯುತ್ತದೆ.