ಮೂರು ಮಂಚ, ಒಂದು ಗೀಸರ್

ನಮ್ಮ ರೂಮು 12 ಅಡಿ ಉದ್ದ, 11 ಅಡಿ ಅಗಲ. ಟೇಪ್ ಹಿಡಿದು ಅಳೆದವನು ನಾನೇ. 2024ರ ಆಗಸ್ಟ್‌ನಲ್ಲಿ ಬಿಬಿಎಂಪಿ (ಆಗಿನ್ನೂ ಅದು ಒಂದೇ ಪಾಲಿಕೆ) ಪಿ.ಜಿ.ಗಳಿಗೆ ಒಂದಿಷ್ಟು ನಿಯಮ ಮಾಡ್ತಲ್ಲ, ತಲೆಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಸಿಸಿ ಕ್ಯಾಮೆರಾ ಅಂತೆಲ್ಲ... ಪೇಪರಿನಲ್ಲಿ ಅದನ್ನು ಓದಿದ ಮೇಲೆ ಸುಮ್ಮನಿರೋಕೆ ಆಗಲಿಲ್ಲ. 132 ಚದರ ಅಡಿ, ಮೂರು ಜನ, ತಲೆಗೆ 44. ಮಂಚ, ಬೀರು, ಬಕೆಟ್ಟು ಎಲ್ಲ ಕಳೆದರೆ ಉಳಿಯೋದು ಒಬ್ಬ ನಿಂತು ಪ್ಯಾಂಟು ಹಾಕಿಕೊಳ್ಳುವಷ್ಟು ಜಾಗ. ಇಬ್ಬರು ಒಟ್ಟಿಗೆ ಹಾಕಿಕೊಳ್ಳೋಕೆ ಆಗಲ್ಲ, ಪ್ರಯತ್ನಿಸಿ ನೋಡಿದ್ದೇವೆ :-)

ಸಹಕಾರನಗರ ಹೊರಗಿನಿಂದ ನೋಡೋಕೆ ಬಲು ಶಾಂತ. ದೊಡ್ಡ ದೊಡ್ಡ ಮನೆಗಳು, ಮರಗಳು, ಬೆಳಿಗ್ಗೆ ಮಂಕಿ ಟೋಪಿ ಹಾಕಿಕೊಂಡು ವಾಕಿಂಗ್ ಹೊರಡುವ ತಾತಂದಿರು. ಮಾನ್ಯತಾ ಟೆಕ್ ಪಾರ್ಕು ಹತ್ತಿರ ಅಂತ ನಮ್ಮಂಥವರು ಬಂದು ಸೇರಿಕೊಳ್ತೀವಿ. ನಾನು ಅರಸೀಕೆರೆಯವನು. ಉಳಿದಿಬ್ಬರಲ್ಲಿ ಒಬ್ಬ ಕಡಪದವನು, ಇನ್ನೊಬ್ಬ ಕಲಬುರಗಿ ಕಡೆ ಆಳಂದದವನು. ಪಿ.ಜಿ.ಯಲ್ಲಿ ಹೆಸರಿಗಿಂತ ಮೊದಲು ಊರು ಅಂಟಿಕೊಳ್ಳುತ್ತೆ. ಇಲ್ಲೂ ಹಾಗೇ ಕರೀತೀನಿ.

ಬಂದ ಹೊಸದರಲ್ಲಿ ಜಗಳ ಆಗಿದ್ದು ಗೀಸರಿಗೆ. 25 ಲೀಟರಿನ ಗೀಸರ್, 2 ಕಿಲೋವ್ಯಾಟಿನ ಕಾಯಿಲ್. 20 ಡಿಗ್ರಿ ನೀರು 50ಕ್ಕೆ ಬರೋಕೆ ಹತ್ತಿರ ಹತ್ತಿರ 26 ನಿಮಿಷ ಬೇಕು, ಲೆಕ್ಕ ಹಾಕಿದ್ದೀನಿ. ಮೂವರಿಗೂ ಒಂಬತ್ತೂವರೆಗೆ ಆಫೀಸು. ಇಂಜಿನಿಯರಿಂಗಿನಲ್ಲಿ ಆಪರೇಟಿಂಗ್ ಸಿಸ್ಟಮ್ಸ್ ಓದುವಾಗ ಡೈಕ್‌ಸ್ಟ್ರಾನ ಐವರು ತತ್ವಜ್ಞಾನಿಗಳು ಐದೇ ಫೋರ್ಕಿಗೆ ಒದ್ದಾಡ್ತಾರಲ್ಲ, ಆ ಪಾಠ ಅರ್ಥವಾಗಿದ್ದು ಇಲ್ಲಿ. ಕೊನೆಗೆ ಆಳಂದದವನೇ, "ನಾ ರಾತ್ರಿ ಸ್ನಾನ ಮಾಡ್ತೀನಿ ಬಿಡ್ರಪ್ಪ" ಅಂದ. ಸಮಸ್ಯೆ ಮುಗೀತು.

ಅಪ್ಪನ ಹತ್ತಿರ ಇದನ್ನೆಲ್ಲ ಹೇಳಿಕೊಂಡರೆ ನಗ್ತಾರೆ. ಅವರು ತುಮಕೂರಿನ ಸಿದ್ಧಗಂಗೆ ಮಠದಲ್ಲಿ ಇದ್ದು ಓದಿದವರು. ಸಾವಿರಾರು ಹುಡುಗರಿಗೆ ಊಟ, ವಸತಿ, ಓದು ಎಲ್ಲ ಪುಕ್ಕಟೆ ಇರುವ ಜಾಗ ಅದು. "ಒಂದು ಟ್ರಂಕು, ಒಂದು ಚಾಪೆ. ನಂದು ಅಂತ ಇದ್ದಿದ್ದು ಟ್ರಂಕಿನ ಬೀಗ ಒಂದೇ. ನಿಂಗೆ ಮೂರು ಜನಕ್ಕೇ ಕಷ್ಟಾನೇನೋ?" ಅಂತಾರೆ. ಆದರೆ ಅಪ್ಪನಿಗೆ ಸಂಜೆ ಎಲ್ಲರೂ ಒಟ್ಟಿಗೆ ಕೂರುವ ಪ್ರಾರ್ಥನೆ ಇತ್ತು, ಒಂದೇ ಪಂಕ್ತಿಯ ಊಟ ಇತ್ತು, ಬುದ್ಧಿಯವರು ಇದ್ದರು. ನಮಗೆ ಇರೋದು ವೈಫೈ ಪಾಸ್‌ವರ್ಡು. ಇದು ಮನೆಯೋ ಅಲ್ಲವೋ ಅನ್ನೋದು ಸರ್ಕಾರಕ್ಕೂ ಸ್ಪಷ್ಟ ಇರಲಿಲ್ಲ. 2023ರಲ್ಲಿ ಕರ್ನಾಟಕದ ಜಿಎಸ್‌ಟಿ ಅಡ್ವಾನ್ಸ್ ರೂಲಿಂಗ್ ಪ್ರಾಧಿಕಾರ, ಪಿ.ಜಿ. ಅನ್ನೋದು ವಾಸದ ಮನೆ ಅಲ್ಲ, 12% ತೆರಿಗೆ ಕಟ್ಟಿ ಅಂತು. ಮರುವರ್ಷ ಜೂನ್‌ನಲ್ಲಿ ಜಿಎಸ್‌ಟಿ ಮಂಡಳಿ, ಬಾಡಿಗೆ ತಿಂಗಳಿಗೆ 20,000 ಮೀರದೆ, ಸತತ 90 ದಿನ ಇದ್ದರೆ ವಿನಾಯಿತಿ ಅಂತು. 90 ದಿನ! ನನಗೂ ಹೆಚ್ಚುಕಡಿಮೆ ಅಷ್ಟೇ ಹಿಡೀತು, ನಿದ್ದೆ ಸರಿಯಾಗಿ ಬರೋಕೆ.

ಜಾಗ, ನೀರು, ಪಪ್ಪು-ಅನ್ನ ಎಲ್ಲ ಅಭ್ಯಾಸ ಆಗುತ್ತೆ. ಆಗದೇ ಇದ್ದಿದ್ದು ಫೋನು. ರಾತ್ರಿ ಅಮ್ಮ ಫೋನ್ ಮಾಡಿದಾಗ ನಾನು ಮಾತಾಡೋದನ್ನು ಮೂರಡಿ ದೂರದಲ್ಲಿ ಇನ್ನಿಬ್ಬರು ಕೇಳಿಸಿಕೊಳ್ತಾರೆ. ಟೆರೇಸಿಗೆ ಹೋದರೆ ಅಲ್ಲಿ ಆಗಲೇ ನಾಲ್ಕು ಜನ ನಾಲ್ಕು ಮೂಲೆಯಲ್ಲಿ ನಾಲ್ಕು ಭಾಷೆಯಲ್ಲಿ ಅಮ್ಮಂದಿರ ಜೊತೆ. ಒಂದು ದಿನ ಗಮನಿಸಿದೆ, ಅಮ್ಮನ ಫೋನು ಬಂದ ತಕ್ಷಣ ಕಡಪದವನು ಇಯರ್‌ಫೋನ್ ಸಿಗಿಸಿಕೊಂಡ. ಅದರ ಇನ್ನೊಂದು ತುದಿ ಹಾಸಿಗೆ ಮೇಲೆ ಸುಮ್ಮನೆ ಬಿದ್ದಿತ್ತು, ಫೋನಿಗೆ ಸಿಕ್ಕಿಸಿಯೇ ಇರಲಿಲ್ಲ. ಆಮೇಲೆ ನಾನೂ ಹಾಗೇ ಮಾಡೋಕೆ ಶುರು ಮಾಡಿದೆ.

2025ರ ಜನವರಿಯಲ್ಲಿ ಆಳಂದದವನ ಬೀರುವಿನಿಂದ ಆಫೀಸಿನ ಐಡಿ ಕಾರ್ಡು ಮಾಯ ಆಯ್ತು. ಲ್ಯಾಪ್‌ಟಾಪೂ ಬದಲಾಯ್ತು, ಕಾಲೇಜಿನ ಕಾಲದ ಹಳೇದು ಬಂತು. ಆದರೆ ದಿನಾ ಎಂಟೂವರೆಗೆ ಇಸ್ತ್ರಿ ಮಾಡಿದ ಶರ್ಟು ಹಾಕಿ, ಬ್ಯಾಗು ಏರಿಸಿ ಹೊರಡ್ತಿದ್ದ. ತಿಂಗಳ ಕೊನೆಗೆ ಊರಿಂದ ಫೋನು. "ಹೂಂ ಅವ್ವಾ, ಪಗಾರ ಆಗ್ಯಾದ. ಕೆಲಸ ಭಾಳ ಅದ, ಅದಕ್ಕ ಫೋನ್ ಮಾಡಿಲ್ಲ" ಅಂತಿದ್ದ. ನಾನೂ ಕಡಪದವನೂ ಖಾಲಿ ಇಯರ್‌ಫೋನ್ ಸಿಗಿಸಿಕೊಂಡು ಗೋಡೆ ಕಡೆ ತಿರುಗಿ ಮಲಗಿದ್ವಿ.

ಆ ಫೆಬ್ರವರಿಯಲ್ಲಿ ಯಲಹಂಕದಲ್ಲಿ ಏರೋ ಇಂಡಿಯಾ. ರಷ್ಯಾದ ಸು-57, ಅಮೆರಿಕದ ಎಫ್-35 ಎರಡೂ ಬಂದಿದ್ದವು. ಬಳ್ಳಾರಿ ರಸ್ತೆಯ ಟ್ರಾಫಿಕ್ ನೆನೆಸಿಕೊಂಡು ಅವತ್ತು ರೂಮಿನಿಂದಲೇ ಕೆಲಸ ಮಾಡ್ತಿದ್ದೆ. ಕಿವಿ ಹರಿಯುವಂಥ ಸದ್ದು ಕೇಳಿ ಟೆರೇಸಿಗೆ ಓಡಿದರೆ, ನೀರಿನ ಟ್ಯಾಂಕಿನ ನೆರಳಲ್ಲಿ ಆಳಂದದವನು ಕೂತಿದ್ದಾನೆ. ಪಕ್ಕದಲ್ಲಿ ಬ್ಯಾಗು, ಇಸ್ತ್ರಿ ಶರ್ಟು.

"ಇವತ್ತ ರಜಾ ಹಾಕೀನಿ" ಅಂದ.

"ಒಳ್ಳೇದಾಯ್ತು ಬಿಡು" ಅಂದೆ. ಇಬ್ಬರೂ ಕತ್ತೆತ್ತಿ ವಿಮಾನ ನೋಡಿದ್ವಿ. ಕೇಳಬೇಕಿತ್ತಾ? ನೀವಾಗಿದ್ದರೆ ಕೇಳ್ತಿದ್ರಾ? ಬಾಯಿ ತುದಿವರೆಗೂ ಬಂದಿತ್ತು. ಆದರೆ ಕೇಳಿಬಿಟ್ಟರೆ ಅವತ್ತು ರಾತ್ರಿ ಅವನು ಮತ್ತೆ ಅದೇ ಮೂರಡಿ ದೂರಕ್ಕೆ ಬಂದು ಮಲಗಬೇಕಲ್ಲ. ಆಮೇಲೆ ಹೋಗೋಕೆ ಅವನಿಗೆ ಬೇರೆ ಟೆರೇಸ್ ಎಲ್ಲಿದೆ?

ಆ ಎರಡು ತಿಂಗಳು ವೈಫೈ ದುಡ್ಡು "ಆಫರ್ ಇತ್ತು" ಅಂತ ಕಡಪದವನು ಒಬ್ಬನೇ ಕಟ್ಟಿದ. ಭಾನುವಾರ ರಾತ್ರಿ ಪಿ.ಜಿ.ಯಲ್ಲಿ ಊಟ ಇರಲ್ಲ. ಅವತ್ತು ನಾನು ಮೂವರಿಗೂ ಪಾರ್ಸಲ್ ತರ್ತಿದ್ದೆ. ನಾವಿಬ್ಬರೂ ಇದರ ಬಗ್ಗೆ ಒಂದು ಮಾತೂ ಆಡಿಕೊಂಡಿರಲಿಲ್ಲ.

ಏಪ್ರಿಲ್‌ನಲ್ಲಿ ಅವನಿಗೆ ಹೈದರಾಬಾದಿನಲ್ಲಿ ಕೆಲಸ ಸಿಕ್ತು. ಸಂಬಳ ಸ್ವಲ್ಪ ಕಡಿಮೆ, ಊರಿಗೆ ಹತ್ತಿರ. ಹೊರಡುವ ಹಿಂದಿನ ರಾತ್ರಿ ತಾನಾಗೇ ಎಲ್ಲ ಹೇಳಿದ. ದಿನಾ ಕೊಡಿಗೇಹಳ್ಳಿ ಗೇಟಲ್ಲಿ ಬಸ್ಸು ಹತ್ತಿ ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯಕ್ಕೆ ಹೋಗಿ, ಸಂಜೆವರೆಗೂ ಇಂಟರ್‌ವ್ಯೂಗೆ ಓದ್ತಿದ್ನಂತೆ. ಹೇಳಿ ಮುಗಿಸಿ, "ನಿಮಗ ಗೊತ್ತಿತ್ತೇನು?" ಅಂದ.

ಕಡಪದವನು ಮಹಾ ಆಶ್ಚರ್ಯದಿಂದ ಕಣ್ಣರಳಿಸಿದ. "ಏನು? ಕೆಲಸ ಹೋಗಿತ್ತಾ?"

ಆಳಂದದವನು ಜೋರಾಗಿ ನಗೋಕೆ ಶುರು ಮಾಡಿದ. ನಗ್ತಾ ನಗ್ತಾ ಎದ್ದು ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿದ. ಬಹಳ ಹೊತ್ತು ಹೊರಗೆ ಬರಲಿಲ್ಲ. ನಾವು ಇಯರ್‌ಫೋನ್ ಹುಡುಕಿಕೊಂಡ್ವಿ.

ಮೂರೇ ದಿನಕ್ಕೆ ಆ ಮಂಚಕ್ಕೆ ಹೊಸ ಹುಡುಗ ಬಂದ. ಇದೇ ಮೊದಲ ಕೆಲಸ, ದಾವಣಗೆರೆಯವನು. ರಾತ್ರಿ ಹನ್ನೆರಡಕ್ಕೆ ಫೋನಿನ ಸದ್ದು ಪೂರ್ತಿ ಏರಿಸಿ ರೀಲ್ಸ್ ನೋಡ್ತಾನೆ. ಬೆಳಿಗ್ಗೆ ಏಳೂವರೆಗೆ ಅವನಿಗೂ ಬಿಸಿನೀರು ಬೇಕಂತೆ.