ಫಲಕದ ಊರು, ನಿಲ್ದಾಣದ ಊರು: ಮುಂಬಯಿಯ ಕೆಲವು ದಿನಗಳು

ವಸ್ತುಸಂಗ್ರಹಾಲಯದಲ್ಲಿರುವ ಪ್ರತಿಯೊಂದು ಶಿಲ್ಪಕ್ಕೂ ಎರಡು ಊರುಗಳಿರುತ್ತವೆ. ಒಂದು, ಅದು ಹುಟ್ಟಿ ಬೆಳಕು ಕಂಡ ಊರು. ಇನ್ನೊಂದು, ಈಗ ಗಾಜಿನ ಹಿಂದೆ ನಿಂತಿರುವ ಊರು. ಫಲಕದಲ್ಲಿ ಮೊದಲನೆಯ ಊರಿಗೆ ದೊರೆಯುವ ಜಾಗ ಒಂದು ಪದದಷ್ಟು ಮಾತ್ರ. ಮುಂಬಯಿಯ ವೈಶಿಷ್ಟ್ಯವೆಂದರೆ, ಅಲ್ಲಿನ ಫಲಕಗಳಲ್ಲೂ ಶಾಸನಗಳಲ್ಲೂ ಕಾಣುವ ಊರುಗಳಲ್ಲಿ ಹಲವು ಇಂದು ಲೋಕಲ್ ರೈಲಿನ ನಿಲ್ದಾಣಗಳಾಗಿವೆ. ವಿಚಾರಸಂಕಿರಣವೊಂದರ ನಿಮಿತ್ತ ಅಲ್ಲಿಗೆ ಹೋದವನು ಇನ್ನೂ ಕೆಲವು ದಿನ ಉಳಿದು, ಬೆಳಿಗ್ಗೆ ವಸ್ತುಸಂಗ್ರಹಾಲಯ, ಮಧ್ಯಾಹ್ನ ರೈಲು ಎಂಬ ಕ್ರಮದಲ್ಲಿ ಸುತ್ತಾಡಿದೆ. ಆ ಸುತ್ತಾಟ ನನ್ನಲ್ಲಿ ಎಬ್ಬಿಸಿದ ಕೆಲವು ವಿಚಾರಗಳನ್ನು ಇಲ್ಲಿ ನಿರೂಪಿಸಿದ್ದೇನೆ.

ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯದ ಕಟ್ಟಡವನ್ನು ರೂಪಿಸಿದವನು ಜಾರ್ಜ್ ವಿಟೆಟ್. 1905ರಲ್ಲಿ ಶಂಕುಸ್ಥಾಪನೆಯಾದ ಈ ಕಟ್ಟಡ ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯಾಗಿದ್ದು, 1922ರ ಜನವರಿಯಲ್ಲಿ ಸಾರ್ವಜನಿಕರಿಗೆ ತೆರೆಯಿತು. ಕನ್ನಡಿಗನಿಗೆ ಇಲ್ಲಿ ತವರಿನವರೇ ಎದುರಾಗುತ್ತಾರೆ. ಐಹೊಳೆಯ ಗುಡಿಯ ಚಾವಣಿಯಲ್ಲಿದ್ದ ಬ್ರಹ್ಮ, ಶೇಷಶಾಯಿ ವಿಷ್ಣು ಮೊದಲಾದ ದೊಡ್ಡ ಶಿಲಾಫಲಕಗಳು ಇಲ್ಲಿವೆ. ಕತ್ತೆತ್ತಿ ನೋಡಲೆಂದು ಶಿಲ್ಪಿ ಕಡೆದ ದೇವತೆಗಳನ್ನು ಇಲ್ಲಿ ನಾವು ಎದುರುಬದುರಾಗಿ ನಿಂತು ನೋಡುತ್ತೇವೆ. ಗುಡಿಯ ಮಂದಬೆಳಕಿನಲ್ಲಿ ಕಾಣದ ಸೂಕ್ಷ್ಮ ಕೆತ್ತನೆ ಇಲ್ಲಿ ಕಾಣುತ್ತದೆಂಬುದು ದಿಟ. ಆದರೆ ಆಕಾಶದಲ್ಲಿ ತೇಲಬೇಕಾದ ಗಂಧರ್ವರು ನೆಲದವರಾಗಿದ್ದಾರೆ ಎಂಬುದೂ ಅಷ್ಟೇ ದಿಟ.

ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಶ್ರವಣಬೆಳಗೊಳದಿಂದ ಬಂದ ಬಾಹುಬಲಿಯ ಕಂಚಿನ ಪ್ರತಿಮೆ. ಎತ್ತರ ಎರಡಡಿಗೂ ಕಡಿಮೆ. ತೊಡೆ, ತೋಳುಗಳನ್ನು ಬಳ್ಳಿ ಬಳಸಿದೆ. ಹಿಂದಕ್ಕೆ ಬಾಚಿದ ಕೂದಲು ಎಳೆಎಳೆಯಾಗಿ ಹೆಗಲ ಮೇಲೆ ಇಳಿದಿದೆ. 981ರ ಸುಮಾರಿಗೆ ಚಾವುಂಡರಾಯ ಮಾಡಿಸಿದ 58 ಅಡಿಯ ಗೊಮ್ಮಟನ ತಲೆಯಲ್ಲಿ ಗುಂಗುರು ಕೂದಲಿದೆ. ಹೆಗಲ ಮೇಲೆ ಜಟೆಯಿಲ್ಲ. ಬಾದಾಮಿಯ ನಾಲ್ಕನೆಯ ಗುಹೆಯ ಬಾಹುಬಲಿಗೆ ಹೆಗಲಿಗಿಳಿದ ಕೇಶರಾಶಿ ಉಂಟು. ಹೀಗಾಗಿ ಈ ಪುಟ್ಟ ಕಂಚು ಬಾದಾಮಿಯ ಬಂಡೆಗೂ ವಿಂಧ್ಯಗಿರಿಯ ಶಿಖರಕ್ಕೂ ನಡುವಣ ಕೊಂಡಿ. ಜೈನ ಮೂರ್ತಿಶಿಲ್ಪವನ್ನು ಓದುವವರಿಗೆ ಇದಿಲ್ಲದೆ ಗೊಮ್ಮಟನ ಪೂರ್ವಚರಿತ್ರೆ ಪೂರ್ಣವಾಗದು.

ಅಲ್ಲಿ ಹೊಳೆದ ಪ್ರಶ್ನೆ ಮಾತ್ರ ಶಿಲ್ಪಶಾಸ್ತ್ರದ್ದಲ್ಲ. ಹಸ್ತಪ್ರತಿ, ಶಾಸನಗಳ ನಡುವೆ ಬಾಳಿನ ಬಹುಭಾಗ ಕಳೆದ ನನಗೆ ಈ ಪ್ರತಿಮೆ ಒಂದು ಆಕರ. ಬಾಲ್ಯದಿಂದ ಬಸದಿಯ ಗಂಟೆ ಕೇಳುತ್ತ ಬೆಳೆದ ನನಗೆ ಇದು ದೇವರು. ಗಾಜಿನ ಮುಂದೆ ಕೈ ಮುಗಿಯಬೇಕೇ, ಟಿಪ್ಪಣಿ ಪುಸ್ತಕ ತೆರೆಯಬೇಕೇ? ಎರಡನ್ನೂ ಮಾಡಿದೆ, ಮೊದಲು ಕೈ ಮುಗಿದೆ. ಪಕ್ಕದಲ್ಲಿದ್ದ ಶಾಲಾ ಮಕ್ಕಳು ನನ್ನನ್ನು ನೋಡಿ, ಬಳಿಕ ಪ್ರತಿಮೆಯನ್ನು ನೋಡಿದರು. ಎಲ್ಲವನ್ನೂ ತಿರುಗಿ ಅದರದರ ನೆಲೆಗೆ ಕಳಿಸಬೇಕೆಂದು ನಾನು ವಾದಿಸಲಾರೆ. ಕಳ್ಳರ ಪಾಲಾದ, ಕರಗಿಹೋದ ಎಷ್ಟೋ ಪ್ರತಿಮೆಗಳ ಕತೆ ಬಲ್ಲವರು ಹಾಗೆ ಸುಲಭವಾಗಿ ಹೇಳರು. ಉಳಿಸಿಕೊಂಡದ್ದರ ಬೆಲೆಯಾಗಿ ನೆಲೆಯನ್ನು ತೆತ್ತಿದ್ದೇವೆ ಎಂಬ ಎಚ್ಚರವಾದರೂ ನೋಡುವವನಲ್ಲಿ ಇರಬೇಕು.

ಬೈಕುಲಾ ನಿಲ್ದಾಣದಿಂದ ನಡೆದೇ ಹೋಗಬಹುದಾದ ಡಾ. ಭಾವೂ ದಾಜಿ ಲಾಡ್ ವಸ್ತುಸಂಗ್ರಹಾಲಯದಲ್ಲಿ ಈ ಬೆಲೆಯ ಪ್ರತ್ಯಕ್ಷ ನಿದರ್ಶನವಿದೆ. 1872ರಲ್ಲಿ ತೆರೆದ ಈ ಸಂಸ್ಥೆ ಈಗ ಹೊತ್ತಿರುವುದು ವೈದ್ಯನೂ ಶಾಸನತಜ್ಞನೂ ಆಗಿದ್ದ ವಿದ್ವಾಂಸನ ಹೆಸರನ್ನು. ಇದರ ಅಂಗಳದಲ್ಲಿ ಒಂದು ಕಲ್ಲಾನೆ ನಿಂತಿದೆ. ಘಾರಾಪುರಿ ದ್ವೀಪದಲ್ಲಿದ್ದ ಇದನ್ನು ಕಂಡೇ ಪೋರ್ಚುಗೀಸರು ಆ ದ್ವೀಪವನ್ನು ಎಲಿಫೆಂಟಾ ಎಂದು ಕರೆದರು. 1864ರಲ್ಲಿ ಇಂಗ್ಲೆಂಡಿಗೆ ಸಾಗಿಸಲು ಎತ್ತುವಾಗ ಆನೆ ಬಿದ್ದು ತುಂಡಾಯಿತು; ತುಂಡುಗಳನ್ನು ಜೋಡಿಸಿದ್ದು ಅರ್ಧ ಶತಮಾನದ ಬಳಿಕ, 1914ರಲ್ಲಿ. ದ್ವೀಪಕ್ಕೆ ಹೆಸರು ಕೊಟ್ಟ ಆನೆ ದ್ವೀಪದಲ್ಲಿಲ್ಲ.

ಇನ್ನು ರೈಲು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ 34 ಕಿಲೋಮೀಟರು ಓಡಿದ್ದು ಭಾರತದ ಮೊದಲ ಪ್ರಯಾಣಿಕ ರೈಲು ಎಂಬುದು ಎಲ್ಲರಿಗೂ ಗೊತ್ತು. ಆ ಠಾಣೆಯೇ ಶಾಸನಗಳ ‘ಸ್ಥಾನಕ’, ಉತ್ತರ ಕೊಂಕಣದ ಶಿಲಾಹಾರರ ನೆಲೆ ಎಂಬುದು ಅಷ್ಟು ಪ್ರಸಿದ್ಧವಲ್ಲ. ರಾಷ್ಟ್ರಕೂಟರ ಸಾಮಂತರಾಗಿ ಬಾಳು ಆರಂಭಿಸಿದ ಈ ಅರಸರ ಸಂಸ್ಕೃತ ತಾಮ್ರಪಟಗಳಲ್ಲಿ ‘ಮಲಗಲಗಂಡ’, ‘ನನ್ನಿಸಮುದ್ರ’ ಎಂಬ ಅಚ್ಚಗನ್ನಡ ಬಿರುದುಗಳು ಬರುತ್ತವೆ. ಚಿತ್ತಾಲ, ಕಾಯ್ಕಿಣಿಯವರ ಕತೆಗಳಲ್ಲಿ ಮುಂಬಯಿಯ ಕನ್ನಡವನ್ನು ಹುಡುಕುವ ನಮ್ಮ ವಿದ್ಯಾರ್ಥಿಗಳು ಸಾವಿರ ವರ್ಷ ಹಿಂದಿನ ಈ ಕನ್ನಡವನ್ನೂ ಗಮನಿಸಬೇಕು.

ಪಶ್ಚಿಮ ಮಾರ್ಗದ ಬೋರಿವಲಿಯಲ್ಲಿ ಇಳಿದರೆ ಕಾಡಿನ ನಡುವೆ ಕಾನ್ಹೇರಿ, ಅಂದರೆ ಕೃಷ್ಣಗಿರಿ. ನೂರಕ್ಕೂ ಮಿಕ್ಕ ಗುಹೆಗಳು. ಅಲ್ಲಿ ಅಮೋಘವರ್ಷ ನೃಪತುಂಗನ ಆಳಿಕೆಯನ್ನು ಹೇಳುವ ಶಾಸನಗಳಿವೆ. ಅವುಗಳಲ್ಲೊಂದು ಶಕವರ್ಷ 799ರದು, ಎಂದರೆ ಕ್ರಿ.ಶ. 877. ಜಿನಸೇನಾಚಾರ್ಯರ ಶಿಷ್ಯನೆನಿಸಿದ, ಕವಿರಾಜಮಾರ್ಗದ ಆಶ್ರಯದಾತನಾದ ಅರಸನ ಹೆಸರು ಬೌದ್ಧ ಭಿಕ್ಷುಗಳಿಗಿತ್ತ ದತ್ತಿಗಳ ನೆತ್ತಿಯ ಮೇಲಿದೆ. ಅವನ ಧರ್ಮನೀತಿಯನ್ನು ಕುರಿತು ಬರೆಯುವವರು ಈ ಗುಹೆಯ ಗೋಡೆಯನ್ನು ಓದದೆ ಬರೆಯಬಾರದು. ಕಾನ್ಹೇರಿಯ ಇನ್ನೂ ಹಳೆಯ ಬ್ರಾಹ್ಮೀ ಶಾಸನಗಳಲ್ಲಿ ಕಲ್ಯಾಣದ, ಸೋಪಾರದ ದಾನಿಗಳು ಬರುತ್ತಾರೆ: ವರ್ತಕರು, ಅಕ್ಕಸಾಲಿಗರು, ಕಮ್ಮಾರರು, ಭಿಕ್ಷುಣಿಯರು. ಒಬ್ಬರು ನೀರಿನ ತೊಟ್ಟಿ ತೋಡಿಸಿದ್ದಾರೆ, ಒಬ್ಬರು ದಾರಿ ಮಾಡಿಸಿದ್ದಾರೆ. ಹೆಸರು, ಊರು, ಕಸುಬುಗಳನ್ನು ಕಲ್ಲಿನಲ್ಲಿ ಕೆತ್ತಿಸಿದ್ದಾರೆ.

ಆ ಸೋಪಾರವೇ ಇಂದಿನ ನಾಲಾಸೋಪಾರ, ವಿರಾರಕ್ಕೆ ಒಂದು ನಿಲ್ದಾಣ ಮುಂಚೆ. ಜೈನ, ಬೌದ್ಧ ಸಾಹಿತ್ಯಗಳೆರಡಕ್ಕೂ ಪರಿಚಿತವಾದ ಶೂರ್ಪಾರಕ ಬಂದರು. 1882ರಲ್ಲಿ ಭಗವಾನ್‌ಲಾಲ್ ಇಂದ್ರಜಿ ಅಲ್ಲಿ ಸ್ತೂಪವನ್ನು ಅಗೆಸಿದರು. ಅಶೋಕನ ಎಂಟನೆಯ ಬಂಡೆಶಾಸನದ ತುಣುಕು ಅದೇ ಊರಿನಲ್ಲಿ ಅವರಿಗೆ ದೊರೆಯಿತು. ಆ ಕಲ್ಲನ್ನು ಬೆಳಿಗ್ಗೆ ವಸ್ತುಸಂಗ್ರಹಾಲಯದಲ್ಲಿ ಕಂಡು, ಸಂಜೆ ಚರ್ಚ್‌ಗೇಟಿನಿಂದ ವಿರಾರದ ಗಾಡಿ ಹತ್ತಿದೆ. ನೂಕುನುಗ್ಗಲಿನಲ್ಲಿ ಒಬ್ಬ ಯುವಕ ತನ್ನ ಆಸನದ ತುದಿಯಲ್ಲಿ ನನಗೆ ಜಾಗ ಕೊಟ್ಟು, ಎಲ್ಲಿಗೆಂದು ಕೇಳಿದ. ಊರು ಹೇಳಿದೆ, ಕಾರಣವನ್ನೂ ಹೇಳಿದೆ. ಅವನು ಅಲ್ಲಿಯೇ ಹುಟ್ಟಿ ಬೆಳೆದವನು. ತನ್ನ ಊರಿನಲ್ಲಿ ಅಶೋಕನ ಕಲ್ಲು ಇತ್ತೆಂಬುದನ್ನು ಅವನು ಕೇಳಿರಲಿಲ್ಲ. ದಿನವೂ ಚರ್ಚ್‌ಗೇಟಿಗೆ ಬರುವವನು, ಕಲ್ಲು ಇರುವ ಕಟ್ಟಡದ ಮುಂದೆಯೇ ನಡೆದು ಕೆಲಸಕ್ಕೆ ಹೋಗುವವನು. “ಅದರಲ್ಲಿ ಏನು ಬರೆದಿದೆ?” ಎಂದು ಕೇಳಿದ.

ಅದರಲ್ಲಿ ಬರೆದಿರುವುದು ಪ್ರಯಾಣದ ವಿಚಾರ. ಹಿಂದಿನ ಅರಸರು ಬೇಟೆ ಮೊದಲಾದ ವಿನೋದಗಳಿಗಾಗಿ ಯಾತ್ರೆ ಹೊರಡುತ್ತಿದ್ದರು. ತಾನು ಅದನ್ನು ಬಿಟ್ಟು ಧರ್ಮಯಾತ್ರೆ ಕೈಗೊಂಡೆ, ಅದರಲ್ಲಿ ಶ್ರಮಣ ಬ್ರಾಹ್ಮಣರ ಭೇಟಿಯುಂಟು, ದಾನವುಂಟು, ನಾಡಿನ ಜನರನ್ನು ಕಂಡು ಮಾತಾಡುವುದುಂಟು ಎಂದು ಅಶೋಕ ಹೇಳುತ್ತಾನೆ. ಇದನ್ನು ನನಗೆ ತಿಳಿದ ಹಿಂದಿಯಲ್ಲಿ ವಿವರಿಸಿದೆ. ಭಾಯಂದರ್ ದಾಟಿ ಗಾಡಿ ಖಾಡಿಯ ಸೇತುವೆಯ ಮೇಲೆ ಸಾಗುತ್ತಿತ್ತು. ಸುತ್ತ ನಿಂತಿದ್ದವರಲ್ಲಿ ಇಬ್ಬರು ಮೂವರು ಕಿವಿಗೊಟ್ಟಿದ್ದರು.

ವಸ್ತುಸಂಗ್ರಹಾಲಯ ಕಲ್ಲನ್ನು ಕಾಪಾಡಿದೆ. ಆ ಕೆಲಸವನ್ನು ನಾಲಾಸೋಪಾರದ ಬೀದಿ ಮಾಡಲಾರದಾಗಿತ್ತು. ಆದರೆ ಕಲ್ಲಿನ ಮಾತು ತನ್ನ ಊರಿನವರಿಗೆ ಮರಳಿ ತಲುಪಬೇಕಾದ ಹೊಣೆ ವಸ್ತುಸಂಗ್ರಹಾಲಯದ್ದು ಮಾತ್ರವಲ್ಲ, ಓದಬಲ್ಲ ನಮ್ಮದೂ ಹೌದು. ಮುಂಬಯಿಗೆ ಹೋಗುವ ಸಂಶೋಧನ ವಿದ್ಯಾರ್ಥಿಗಳು ಬಾಡಿಗೆ ಕಾರಿನಲ್ಲಿ ಒಂದೇ ದಿನ ಎಲ್ಲ ನೋಡಿ ಮುಗಿಸುವ ಅವಸರ ಬಿಟ್ಟು, ಫಲಕದಲ್ಲಿ ಕಂಡ ಊರಿಗೆ ಲೋಕಲ್‌ನಲ್ಲಿ ಹೋಗಲಿ. ಪಕ್ಕದಲ್ಲಿ ಕುಳಿತವರು ಆ ಊರಿನವರೇ ಆಗಿರಬಹುದು. ಅವರು ಕೇಳಿದರೆ ಹೇಳಲು ಶಾಸನದ ಪಾಠ ಬಾಯಲ್ಲಿರಲಿ.