ಕೇಳದೆ ಉಳಿದ ಒಂದು ಪ್ರಶ್ನೆ

ತುಂಗಭದ್ರೆಯ ದಡದ ಹಮ್ಮಿಗಿಯಿಂದ ಗದುಗಿನ ಖಾಸಗಿ ಆಸ್ಪತ್ರೆಯೊಂದಕ್ಕೆ ಹೊರಟ ವೃದ್ಧೆಯೊಬ್ಬಳನ್ನು ಊಹಿಸಿಕೊಳ್ಳಿ. ದಿನವೆಲ್ಲ ಸರದಿ, ವೈದ್ಯರೆದುರು ಕೆಲವೇ ನಿಮಿಷ. ಅವರ ದೃಷ್ಟಿ ರಕ್ತಪರೀಕ್ಷೆಯ ವರದಿಯ ಮೇಲೆ. ಹಣ ಸಾಲದೆ ಗುಳಿಗೆಯನ್ನು ದಿನ ಬಿಟ್ಟು ದಿನ ನುಂಗುತ್ತಿರುವುದನ್ನು ಆಕೆ ಹೇಳುವುದಿಲ್ಲ. ಸಕ್ಕರೆ ಇಳಿದಿಲ್ಲವೆಂದು ವೈದ್ಯರು ಮತ್ತೊಂದು ಗುಳಿಗೆ ಬರೆಯುತ್ತಾರೆ.

1995ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹಣ ಪಡೆದು ನೀಡುವ ಚಿಕಿತ್ಸೆಯನ್ನು ಗ್ರಾಹಕ ಸಂರಕ್ಷಣಾ ಕಾಯಿದೆಯ ವ್ಯಾಪ್ತಿಗೆ ತಂದಿತು. 2017ರಲ್ಲಿ ನಮ್ಮ ರಾಜ್ಯವು ಖಾಸಗಿ ಆಸ್ಪತ್ರೆಗಳ ಕಾಯಿದೆಯನ್ನು ಬಿಗಿಗೊಳಿಸಹೊರಟಾಗ ವೈದ್ಯರು ಮುಷ್ಕರ ಹೂಡಿದರು. ಕಾನೂನು ಬೇಕು, ಮೋಸಕ್ಕೆ ಅದೇ ಮದ್ದು. ಆದರೆ ಈ ಅಜ್ಜಿಗೆ ಯಾರೂ ಮೋಸ ಮಾಡಿಲ್ಲವಲ್ಲ!

“ಗುಳಿಗಿ ದಿನಾ ತಗೋತೀಯೇನವ್ವಾ?” ಎಂದು ಕೇಳಲು ಅರ್ಧ ನಿಮಿಷ ಸಾಕಿತ್ತು. (ಹೊರಗೆ ಕಾದಿರುವವರ ಸಾಲು ಉದ್ದವಿದೆ, ನಿಜ.) ಕೇಳಿದ್ದರೆ, ಸರ್ಕಾರಿ ಆಸ್ಪತ್ರೆಯ ಉಚಿತ ಗುಳಿಗೆಯನ್ನೋ ಜನೌಷಧಿ ಮಳಿಗೆಯ ಅಗ್ಗದ ಗುಳಿಗೆಯನ್ನೋ ಅವರೇ ಸೂಚಿಸುತ್ತಿದ್ದರು.